ಬಾರಾ ಕಮಾನಿನ ಅರಸು

ಪಶ್ಚಿಮದಿಂದ ವಿಜಯಪುರ ನಗರಕ್ಕೆ ಬರುವವರು ತಿಕೋಟಾವನ್ನು ದಾಟಿ, ನರಸಿಂಹ ದೇವರ ನೆಲೆಯಾದ ತೊರವಿಯನ್ನು ಹಾದು ಊರು ಸೇರುತ್ತಾರೆ. ಬಬಲೇಶ್ವರದ ಕಡೆಯಿಂದ ಬರುವವರದು ಇನ್ನೊಂದು ದಾರಿ. ಯಾವ ದಾರಿಯಿಂದ ಬಂದರೂ ಹೊಸಬರ ಕಣ್ಣು ಮೊದಲು ಹುಡುಕುವುದು ಗೋಳಗುಮ್ಮಟವನ್ನೇ. ಅದನ್ನು ನೋಡಿ ದಣಿದು, ಸಂಜೆ ಊರೊಳಗೆ ತಿರುಗಾಡುವಾಗ ಎತ್ತರವಾದ ಕಟ್ಟೆಯೊಂದರ ಮೇಲೆ ಕಪ್ಪು ಕಲ್ಲಿನ ಕಮಾನುಗಳು ಬರಿಯ ಆಕಾಶವನ್ನು ಹೊತ್ತು ನಿಂತಿರುವುದನ್ನು ಕಾಣುತ್ತಾರೆ. ಅವಕ್ಕೆ ಛಾವಣಿಯಿಲ್ಲ, ಗುಮ್ಮಟವಿಲ್ಲ. ಕಟ್ಟೆಯ ಒಂದೊಂದು ಬದಿಯೂ ಸುಮಾರು 215 ಅಡಿ. ಬಾಳಿ ಹಾಳಾದ ಕಟ್ಟಡವೆಂದು ಹಲವರು ಭಾವಿಸುತ್ತಾರೆ. ಅದು ಹಾಳಾದುದಲ್ಲ, ಮುಗಿಯದೆ ಉಳಿದುದು. ಅದರ ನಡುವೆ ಮಲಗಿರುವವನು ಆದಿಲಶಾಹಿ ಮನೆತನದ ಎರಡನೆಯ ಅಲಿ. ಜನರು ಆ ಕಟ್ಟಡವನ್ನು ಬಾರಾ ಕಮಾನು ಎಂದು ಕರೆಯುತ್ತಾರೆ.

ಅಲಿಯ ತಂದೆ ಮುಹಮ್ಮದ ಆದಿಲಶಾಹನು 1627ರಲ್ಲಿ ಪಟ್ಟಕ್ಕೆ ಬಂದವನು. ಗೋಳಗುಮ್ಮಟವನ್ನು ಕಟ್ಟಿಸಿದವನು ಆತನೇ. 1636ರಲ್ಲಿ ಮೊಗಲ ಚಕ್ರವರ್ತಿ ಶಹಾಜಹಾನನೊಡನೆ ಒಪ್ಪಂದ ಮಾಡಿಕೊಂಡು ಉತ್ತರದ ಗಡಿಯನ್ನು ಶಾಂತಗೊಳಿಸಿಕೊಂಡ ಮೇಲೆ ಆತನ ಸೈನ್ಯಗಳು ದಕ್ಷಿಣಕ್ಕೆ ಹೊರಳಿದವು. ಇಕ್ಕೇರಿ, ಶಿರಾ, ಬೆಂಗಳೂರುಗಳವರೆಗೆ ವಿಜಾಪುರದ ಹೆಸರು ಹಬ್ಬಿತು. ರಾಜ್ಯವು ಹೀಗೆ ಬೆಳೆಯುತ್ತಿದ್ದ ದಿನಗಳಲ್ಲಿ, 1638ರ ಆಗಸ್ಟ್ ತಿಂಗಳಲ್ಲಿ, ಅಲಿಯು ಹುಟ್ಟಿದನು.

ಆತನನ್ನು ಸಾಕಿ ಬೆಳೆಸಿದವಳು ಪಟ್ಟದ ರಾಣಿಯಾದ ಖದೀಜಾ ಸುಲ್ತಾನಾ. ಆಕೆ ಗೋಳಕೊಂಡದ ಕುತುಬಶಾಹಿ ಅರಮನೆಯ ಮಗಳು. ಜನರು ಆಕೆಯನ್ನು ಬಡೀ ಸಾಹೇಬಾ ಎಂದು ಗೌರವದಿಂದ ಕರೆಯುತ್ತಿದ್ದರು. ಆಕೆ ಓದಿನ ರುಚಿ ಬಲ್ಲವಳು. 1649ರಲ್ಲಿ ರುಸ್ತಮಿ ಎಂಬ ಕವಿಯಿಂದ ಖಾವರನಾಮಾ ಎಂಬ ದೊಡ್ಡ ಕಾವ್ಯವನ್ನು ದಖನಿ ಭಾಷೆಯಲ್ಲಿ ಬರೆಯಿಸಿದಳು. ಕಾವ್ಯದ ಮಾತು ಕಿವಿಗೆ ಬೀಳುತ್ತಿದ್ದ ಮನೆಯಲ್ಲಿ ಹುಡುಗನು ಬೆಳೆದನು. ಆದರೆ ಆ ಮನೆಯಲ್ಲಿ ಇನ್ನೊಂದೂ ಇತ್ತು. ಅದು ರೋಗಿಯ ಹಾಸಿಗೆ.

1646ರಲ್ಲಿ ಮುಹಮ್ಮದ ಆದಿಲಶಾಹನು ಭಾರಿ ಕಾಯಿಲೆಯಿಂದ ಮಲಗಿದನು. ಸಾಯಲಿಲ್ಲ; ಆದರೆ ಮೊದಲಿನಂತೆ ಎದ್ದು ರಾಜ್ಯವಾಳಲೂ ಇಲ್ಲ. ಈ ಸ್ಥಿತಿಯು ಹತ್ತು ವರ್ಷಗಳ ಕಾಲ ನಡೆಯಿತು. ಈ ಹತ್ತು ವರ್ಷಗಳ ಬಗ್ಗೆ ನಗರದಲ್ಲಿ ಒಂದು ಐತಿಹ್ಯವುಂಟು. ಅರಸನು ಉಳಿಯುವಂತಿರಲಿಲ್ಲವೆಂದೂ, ಹಾಶಿಮ ಪೀರ ಎಂಬ ಸಂತನು ತನ್ನ ಆಯುಷ್ಯದಿಂದ ಹತ್ತು ವರ್ಷಗಳನ್ನು ತೆಗೆದು ಅವನಿಗೆ ಧಾರೆಯೆರೆದನೆಂದೂ ಹೇಳುತ್ತಾರೆ. ಆ ಸಂತನ ದರ್ಗಾ ಇಂದಿಗೂ ಊರಲ್ಲಿದೆ. ಕಥೆ ನಿಜವೋ ಅಲ್ಲವೋ ಎಂಬ ವಿಚಾರ ಇಲ್ಲಿ ಬೇಡ. ಅರಸನೊಬ್ಬನು ಹಾಸಿಗೆಯಲ್ಲಿದ್ದ ಕಾಲವನ್ನು ಜನರು ಎಷ್ಟು ಕಳವಳದಿಂದ ಎಣಿಸಿದ್ದರೆಂಬುದನ್ನಂತೂ ಅದು ತೋರಿಸುತ್ತದೆ.

ಆಗ ರಾಜ್ಯದ ಭಾರವು ಬಡೀ ಸಾಹೇಬಾಳ ಹೆಗಲಿಗೆ ಬಂದಿತು. ಆಕೆ ದಕ್ಷಳಾಗಿದ್ದಳು. ಆದರೂ ರಾಜನು ಕಣ್ಣೆದುರಿಗೆ ಕುಳಿತು ಆಜ್ಞೆ ಮಾಡುವುದಕ್ಕೂ, ಪರದೆಯ ಹಿಂದಿನಿಂದ ಆಜ್ಞೆ ಬರುವುದಕ್ಕೂ ಆ ಕಾಲದ ಸರದಾರರ ಲೆಕ್ಕದಲ್ಲಿ ಬಹಳ ಅಂತರವಿತ್ತು. ಪಶ್ಚಿಮದ ಬೆಟ್ಟಗಳಲ್ಲಿ ತರುಣ ಶಿವಾಜಿಯು ತೋರಣಾ ಕೋಟೆಯನ್ನು ಹಿಡಿದುದು ಆ 1646ರಲ್ಲಿಯೇ. ಅವನ ತಂದೆ ಶಹಾಜಿಯು ಅದೇ ವಿಜಾಪುರದ ಸರದಾರನು. 1648ರಲ್ಲಿ ಜಿಂಜಿಯ ಹತ್ತಿರ ಆತನನ್ನು ಸೆರೆಹಿಡಿದು ರಾಜಧಾನಿಗೆ ತಂದರು, ಮರುವರ್ಷ ಬಿಟ್ಟರು. ಹಿಡಿಯುವುದು, ಬಿಡುವುದು, ಮತ್ತೆ ಸಂಶಯಪಡುವುದು, ಇದೇ ಆಡಳಿತದ ರೀತಿಯಾಯಿತು. ದಕ್ಷಿಣದಲ್ಲಿ ಕೋಟೆಗಳು ಕೈಸೇರುತ್ತಿದ್ದವು, ಪಶ್ಚಿಮದಲ್ಲಿ ಕೈತಪ್ಪುತ್ತಿದ್ದವು. ಎಂಟರಿಂದ ಹದಿನೆಂಟರವರೆಗಿನ ವಯಸ್ಸನ್ನು ಅಲಿಯು ಇದನ್ನೆಲ್ಲ ನೋಡುತ್ತ ಕಳೆದನು.

1656ರ ನವೆಂಬರ್ ತಿಂಗಳಲ್ಲಿ ಮುಹಮ್ಮದನು ತೀರಿಕೊಂಡನು. ಹದಿನೆಂಟು ವರ್ಷದ ಅಲಿಯು ಸಿಂಹಾಸನವನ್ನೇರಿದನು. ಆ ವೇಳೆಗೆ ದಖನ್ನಿನಲ್ಲಿ ಮೊಗಲರ ಸುಬೇದಾರನಾಗಿದ್ದವನು ಔರಂಗಜೇಬ. ಅವನು ಇಂಥ ಸಂದರ್ಭಕ್ಕಾಗಿಯೇ ಕಾಯುತ್ತಿದ್ದನು. ಅಲಿಯು ಮುಹಮ್ಮದನ ನಿಜವಾದ ಮಗನೇ ಅಲ್ಲವೆಂಬ ಆಪಾದನೆಯನ್ನು ಮುಂದೊಡ್ಡಿ, ತಂದೆಯಾದ ಚಕ್ರವರ್ತಿಯಿಂದ ಅಪ್ಪಣೆ ಪಡೆದು ರಾಜ್ಯದ ಮೇಲೆ ನುಗ್ಗಿದನು. ಮುತ್ತಿಗೆ ಹಾಕಲು ಒಂದು ನೆಪ ಬೇಕಾಗಿತ್ತು; ತಾಯಿಯ ಮಾನವನ್ನು ಕೆಣಕುವ ನೆಪವೇ ಆಯಿತು.

ಬೀದರ ಕೋಟೆಯನ್ನು ಬಹುಕಾಲದಿಂದ ಕಾಯುತ್ತಿದ್ದ ಮುದುಕ ಸಿದ್ದಿ ಮರ್ಜಾನನು ತಿಂಗಳ ಕಾಲ ಹೋರಾಡಿದನು. ಮದ್ದಿನ ರಾಶಿಗೆ ಕಿಡಿ ಬಿದ್ದು ಸಿಡಿದಾಗ ಆತನೂ ಆತನ ಮಕ್ಕಳೂ ಸುಟ್ಟು ಗಾಯಗೊಂಡರು. 1657ರ ಮಾರ್ಚಿನಲ್ಲಿ ಕೋಟೆಯು ಬಿದ್ದಿತು. ಬೇಸಗೆ ಕಳೆದು ಮಳೆಗಾಲದ ನಡುವೆ ಕಲ್ಯಾಣವೂ ಮೊಗಲರ ವಶವಾಯಿತು. ಇನ್ನು ರಾಜಧಾನಿಯೇ ಉಳಿದಿತ್ತು.

ಆಗ ನಡೆದ ಸಂಗತಿಯು ವಿಚಿತ್ರವಾದುದು. 1657ರ ಸೆಪ್ಟೆಂಬರ್ ತಿಂಗಳಲ್ಲಿ ದೂರದ ದಿಲ್ಲಿಯಲ್ಲಿ ಶಹಾಜಹಾನನು ಕಾಯಿಲೆ ಬಿದ್ದನು. ಚಕ್ರವರ್ತಿಯು ಸತ್ತೇಹೋದನೆಂಬ ಸುದ್ದಿ ದೇಶವೆಲ್ಲ ಹರಡಿತು. ನಾಲ್ವರು ಮಕ್ಕಳೂ ಸಿಂಹಾಸನದತ್ತ ತಿರುಗಿದರು. ಔರಂಗಜೇಬನು ವಿಜಾಪುರವನ್ನು ಅಲ್ಲಿಗೇ ಬಿಟ್ಟು ಉತ್ತರಕ್ಕೆ ನಡೆದನು. ಒಬ್ಬ ಅರಸನ ಕಾಯಿಲೆಯು ವಿಜಾಪುರದ ಬಾಗಿಲನ್ನು ಶತ್ರುವಿಗೆ ತೆರೆದಿತ್ತು. ಇನ್ನೊಬ್ಬ ಅರಸನ ಕಾಯಿಲೆಯು ಅದನ್ನು ಮುಚ್ಚಿತು. ತರುಣ ಅಲಿಯು ಗೆಲ್ಲದೆಯೇ ಉಳಿದನು.

ಉಳಿದ ಸಂತೋಷವು ಮನೆಯೊಳಗಿನ ರಕ್ತದಿಂದ ಕಲೆಗೊಂಡಿತು. ವಜೀರನಾಗಿದ್ದ ಖಾನ ಮುಹಮ್ಮದನು ಮೊಗಲರೊಡನೆ ಒಳಗೊಳಗೇ ಕೈಗೂಡಿಸಿದ್ದನೆಂಬ ಸಂಶಯ ಹುಟ್ಟಿತು. ಅದೇ ವರ್ಷ ಬಡೀ ಸಾಹೇಬಾಳ ಸಮ್ಮತಿಯಿಂದ ಆತನನ್ನು ಕೊಲ್ಲಿಸಲಾಯಿತು. ಆತನ ಮಗನ ಹೆಸರು ಖವಾಸಖಾನ. ಈ ಹೆಸರನ್ನು ಓದುಗರು ನೆನಪಿಡಬೇಕು. ತಂದೆಮಕ್ಕಳಿಬ್ಬರೂ ಈಗ ಜೋಡ ಗುಮ್ಮಟದ ನೆರಳಿನಲ್ಲಿದ್ದಾರೆ.

ಅಲಿಯ ಆಳ್ವಿಕೆಯ ಮೊದಲ ಹತ್ತು ವರ್ಷಗಳು ಕುದುರೆಯ ಮೇಲೆಯೇ ಕಳೆದವೆನ್ನಬಹುದು. 1659ರಲ್ಲಿ ಅಫಜಲಖಾನನು ಪ್ರತಾಪಗಡದ ಬುಡದಲ್ಲಿ ಶಿವಾಜಿಯ ಕೈಯಿಂದ ಮಡಿದನು. ಆ ಪ್ರಸಂಗವು ಎಲ್ಲರಿಗೂ ತಿಳಿದದ್ದು. ಮರುವರ್ಷ ಪನ್ಹಾಳದ ಮುತ್ತಿಗೆಯಿಂದ ಶಿವಾಜಿಯು ಮಳೆಯ ರಾತ್ರಿಯಲ್ಲಿ ತಪ್ಪಿಸಿಕೊಂಡನು. ಮುತ್ತಿಗೆ ಹಾಕಿದ್ದ ಸಿದ್ದಿ ಜೌಹರನ ಮೇಲೆಯೇ ಅನುಮಾನಗೊಂಡು ಅರಸನು ತಾನೇ ಹೊರಟನು. ಮಲೆನಾಡಿನ ಬಿದನೂರಿನವರೆಗೂ ಆತನ ದಂಡು ಹೋಯಿತು. 1661ರಲ್ಲಿ ಬಡೀ ಸಾಹೇಬಾ ಮೆಕ್ಕೆಯ ಯಾತ್ರೆಗೆ ಹೊರಟಳು. ಹುಡುಗನನ್ನು ಕೈಹಿಡಿದು ನಡೆಸಿದವಳು ಕಡಲು ದಾಟಿದ ಮೇಲೆ, ಇಪ್ಪತ್ತಮೂರು ವರ್ಷದ ಅರಸನು ತನ್ನ ರಾಜ್ಯಕ್ಕೆ ತಾನೊಬ್ಬನೇ ಆದನು.

ಕತ್ತಿಯಿಂದ ಮಾತ್ರ ಅಲಿಯನ್ನು ಅಳೆಯುವುದು ಸರಿಯಲ್ಲ. ಆತನು ಕವಿ. ಶಾಹಿ ಎಂಬ ಅಂಕಿತದಿಂದ ದಖನಿ ಭಾಷೆಯಲ್ಲಿ ಪದ್ಯಗಳನ್ನು ರಚಿಸಿದನು. ದಖನಿಯೆಂದರೆ ಅರಮನೆಯ ಪಾರಸಿಯಲ್ಲ. ಪೇಟೆಯಲ್ಲಿ, ದಂಡಿನಲ್ಲಿ, ಸಂತರ ಮಠಗಳಲ್ಲಿ ಬೆಳೆದ ಆಡುಮಾತು. ಕನ್ನಡ, ಮರಾಠಿಗಳ ನೆರೆಯಲ್ಲಿ ಬಾಳಿ ಅವುಗಳ ಸೊಗಡನ್ನು ಮೈಗೂಡಿಸಿಕೊಂಡದ್ದು. ಅದರಲ್ಲಿ ಅರಸನೇ ಬರೆದನೆಂದರೆ ಆ ಭಾಷೆಗೆ ಗೌರವ ಬಂದಿತು. ಆತನ ಅಜ್ಜ ಎರಡನೆಯ ಇಬ್ರಾಹಿಮನು ಸಂಗೀತಕ್ಕಾಗಿ ತೊರವಿಯ ಬಳಿ ನವರಸಪುರವನ್ನೇ ಕಟ್ಟಿಸಿದವನು. ಮೊಮ್ಮಗನಲ್ಲಿ ಆ ರಕ್ತ ಹರಿಯುತ್ತಿತ್ತು.

ಅಲಿಯ ಆಸ್ಥಾನದ ಹಿರಿಯ ಕವಿ ನುಸ್ರತಿ. ಸೈನಿಕರ ಮನೆಯಲ್ಲಿ ಹುಟ್ಟಿದ ಈತನು 1657ರಲ್ಲಿ ಗುಲ್ಶನೆ ಇಶ್ಕ್ ಎಂಬ ಪ್ರೇಮಕಾವ್ಯವನ್ನು, 1665ರಲ್ಲಿ ಅಲಿಯ ಯುದ್ಧಗಳನ್ನು ಕುರಿತ ಅಲಿನಾಮಾ ಎಂಬ ವೀರಕಾವ್ಯವನ್ನು ಮುಗಿಸಿದನು. ಅದೇ ಕಾಲದ ವಿಜಾಪುರದಲ್ಲಿ ಹಾಶಿಮಿ ಎಂಬ ಇನ್ನೊಬ್ಬ ಕವಿಯಿದ್ದನು. ಆತನು ಕುರುಡನು. ಹೆಂಗಸರ ಮಾತಿನ ಧಾಟಿಯನ್ನು ಕಿವಿಯಿಂದಲೇ ಹಿಡಿದು ಪದ್ಯವಾಗಿಸಿದ ಜಾಣ. ಕಣ್ಣಿಲ್ಲದವನಿಗೆ ನೆನಪೇ ಓಲೆ, ನೆನಪೇ ಲೇಖನಿ. ನೆನಪು ಎಂಬುದು ಎಷ್ಟು ದೊಡ್ಡ ಆಸ್ತಿಯೆಂಬುದನ್ನು ಇಂಥವರನ್ನು ಕಂಡಾಗ ತಿಳಿಯುತ್ತೇವೆ.

1665ರ ಕೊನೆಯಲ್ಲಿ ಅಲಿಯ ಬಾಳಿನ ದೊಡ್ಡ ಪರೀಕ್ಷೆ ಬಂದಿತು. ಶಿವಾಜಿಯನ್ನು ಪುರಂದರದಲ್ಲಿ ಒಪ್ಪಂದಕ್ಕೆ ಬಗ್ಗಿಸಿದ ರಾಜಾ ಜಯಸಿಂಹನು, ಅದೇ ಶಿವಾಜಿಯನ್ನು ಜೊತೆಗಿಟ್ಟುಕೊಂಡು ವಿಜಾಪುರದತ್ತ ಬಂದನು. ಅಷ್ಟು ಹೊತ್ತಿಗೆ ಔರಂಗಜೇಬನೇ ಚಕ್ರವರ್ತಿ. ಮಂಗಳವೇಢೆಯು ಬಿದ್ದಿತು. ಡಿಸೆಂಬರ್ ಕೊನೆಗೆ ಮೊಗಲ ಸೈನ್ಯವು ರಾಜಧಾನಿಗೆ ಹನ್ನೆರಡು ಮೈಲಿಗಳಷ್ಟು ಹತ್ತಿರ ಬಂದು ನಿಂತಿತು.

ಅಲಿಯು ಹೆದರಿ ಓಡಲಿಲ್ಲ, ದುಡುಕಿ ಹೊರಗೆ ನುಗ್ಗಲೂ ಇಲ್ಲ. ಕರ್ನಾಟಕದ ಕಡೆಯಿಂದ 30,000 ಕಾಲಾಳುಗಳನ್ನು ಕರೆಸಿ ಕೋಟೆಯೊಳಗೆ ಸೇರಿಸಿದನು. ಗೋಡೆಗಳನ್ನು ದುರಸ್ತಿ ಮಾಡಿಸಿದನು. ಬಳಿಕ ಮನಸ್ಸನ್ನು ಕಲ್ಲು ಮಾಡಿಕೊಂಡು ಇನ್ನೊಂದು ಕೆಲಸ ಮಾಡಿಸಿದನು. ನವರಸಪುರದ ಕೆರೆಯನ್ನೂ ಶಹಾಪುರದ ಕೆರೆಯನ್ನೂ ಒಡೆಸಿ ಬರಿದುಮಾಡಿಸಿದನು. ಊರ ಸುತ್ತ ಆರು ಮೈಲಿಗಳವರೆಗೆ ಬಾವಿಗಳಿಗೆ ಮಣ್ಣು ತುಂಬಿಸಿದನು, ಮರಗಳನ್ನು ಕಡಿಸಿದನು. ಬಂದ ಸೈನ್ಯಕ್ಕೆ ಗೋಡೆಯ ಹೊರಗೆ ಒಂದು ಗುಟುಕು ನೀರಿಲ್ಲ, ಒಂದು ಹಿಡಿ ಮೇವಿಲ್ಲ. ಅಲಿಯ ಸವಾರರು ಶತ್ರುವಿನ ಬೆನ್ನ ಹಿಂದಿನ ನಾಡಿಗೆ ನುಗ್ಗಿ ಧಾನ್ಯ ಬರುವ ದಾರಿಯನ್ನೂ ಕಡಿದರು. ದೊಡ್ಡ ಮುತ್ತಿಗೆಯ ತೋಪುಗಳನ್ನು ತಾರದೆ ಬಂದಿದ್ದ ಜಯಸಿಂಹನು ಒಂದು ವಾರ ಕಾದು, 1666ರ ಜನವರಿಯ ಮೊದಲಲ್ಲಿಯೇ ಹಿಂದಿರುಗಿದನು. ಆ ಸೋಲಿನ ಕಹಿಯೊಡನೆ ಆತನು 1667ರಲ್ಲಿ ಬುರ್ಹಾನಪುರದಲ್ಲಿ ತೀರಿಕೊಂಡನು.

ಇದು ಅಲಿಯ ಗೆಲುವೆಂಬುದರಲ್ಲಿ ಸಂಶಯವಿಲ್ಲ. ಆದರೆ ವಿಜಯಪುರದ ಸೀಮೆಯಲ್ಲಿ ಬಾವಿಗೆ ಮಣ್ಣು ಹಾಕುವುದೆಂದರೆ ಏನೆಂಬುದನ್ನು ತಿಕೋಟಾ, ಬಬಲೇಶ್ವರಗಳ ಕಡೆಯ ರೈತರು ಇತರರಿಗಿಂತ ಚೆನ್ನಾಗಿ ಬಲ್ಲರು. ಮಳೆ ಕೈಕೊಡುವುದೇ ರೂಢಿಯಾದ ನೆಲವಿದು. ಬಾವಿಯೊಂದನ್ನು ತೋಡಿ ಕಟ್ಟಲು ತಲೆಮಾರೇ ಬೇಕು; ಮುಚ್ಚಲು ಒಂದು ದಿನ ಸಾಕು. ರಾಜಧಾನಿ ಉಳಿಯಿತು, ಬೆಲೆಯನ್ನು ತೆತ್ತವರು ಗೋಡೆಯ ಹೊರಗಿನವರು.

ಈ ಗೆಲುವಿನ ಬಳಿಕ ಅಲಿಯು ಬದಲಾದನೆಂದು ಇತಿಹಾಸಕಾರರು ಬರೆಯುತ್ತಾರೆ. 1668ರಲ್ಲಿ ಮೊಗಲರಿಗೆ ಸೊಲ್ಲಾಪುರದ ಕೋಟೆಯನ್ನು ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡನು. ರಾಜಕಾರ್ಯವು ಹೆಚ್ಚು ಹೆಚ್ಚಾಗಿ ವಜೀರ ಅಬ್ದುಲ ಮುಹಮ್ಮದನ ಕೈಗೆ ಸರಿಯಿತು. ಅರಸನು ಅಂತಃಪುರ, ಪಾನ, ಕಾವ್ಯಗಳಲ್ಲಿ ಮುಳುಗಿದನು. ತಂದೆಯ ಗುಮ್ಮಟವನ್ನು ಮೀರಿಸುವಂಥ ಗೋರಿಯ ಕೆಲಸವೂ ನಡೆಯುತ್ತಿತ್ತು. ವಯಸ್ಸು ಮಾತ್ರ ಇನ್ನೂ ಮೂವತ್ತರ ಆಸುಪಾಸು. ತಿದ್ದಿಕೊಳ್ಳಲು ಕಾಲವಿದೆಯೆಂದು ಯಾರಿಗಾದರೂ ಅನ್ನಿಸುವ ವಯಸ್ಸದು.

ಆ ಕಾಲ ಸಿಗಲಿಲ್ಲ. ಅರಸನಿಗೆ ಪಾರ್ಶ್ವವಾಯು ಬಡಿಯಿತು.

ಜನರು ಇದನ್ನು ಲಕ್ವ ಹೊಡೆಯುವುದೆನ್ನುತ್ತಾರೆ. ಆಯುರ್ವೇದದಲ್ಲಿ ಪಕ್ಷಾಘಾತವೆಂದು ಹೆಸರು. ಆಸ್ಥಾನದ ಯುನಾನಿ ಹಕೀಮರು ಮೈಯ ಅರ್ಧಭಾಗ ಬೀಳುವುದನ್ನು ಫಾಲಿಜ್ ಎಂದೂ, ಮೋರೆ ಸೊಟ್ಟಗಾಗುವುದನ್ನು ಮಾತ್ರ ಲಕ್ವ ಎಂದೂ ಬೇರೆ ಮಾಡಿ ಹೇಳುತ್ತಿದ್ದರು. ವಾತ, ಕಫಗಳ ಏರುಪೇರೇ ಕಾರಣವೆಂಬುದು ಆಗಿನ ನಂಬಿಕೆ. ಕೈಕಾಲು ಬಿದ್ದರೆ ಕೆಟ್ಟಿರುವುದು ಕೈಕಾಲು ಅಲ್ಲ, ತಲೆಯೊಳಗಿನ ಮೆದುಳು ಎಂಬ ತಿಳಿವಳಿಕೆಗೆ ಸ್ಪಷ್ಟವಾದ ಆಧಾರ ದೊರೆತುದು, ಸೋಜಿಗವೆಂದರೆ, ಅಲಿಯ ಆಳ್ವಿಕೆಯ ವರ್ಷಗಳಲ್ಲಿಯೇ. 1658ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್‌ಫರನು ಹೀಗೆ ಥಟ್ಟನೆ ಬಿದ್ದು ಸತ್ತವರ ತಲೆಯನ್ನು ತೆರೆದು ನೋಡಿ, ಮೆದುಳಿನೊಳಗೆ ರಕ್ತ ಸೋರಿರುವುದನ್ನು ಬರೆದಿಟ್ಟನು. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸನು ಮೆದುಳಿನ ಬುಡದಲ್ಲಿ ರಕ್ತನಾಳಗಳು ಬಳೆಯಂತೆ ಕೂಡಿಕೊಂಡಿರುವುದನ್ನು ವಿವರಿಸಿದನು. ಅಲಿನಾಮಾ ಮುಗಿಯುವ ಒಂದು ವರ್ಷದ ಮೊದಲಿನ ಮಾತಿದು. ವಿಜಾಪುರದ ಬಂದರುಗಳಿಗೆ ಯುರೋಪಿನ ಹಡಗುಗಳು ಬರುತ್ತಿದ್ದವು. ಆದರೆ ಈ ತಿಳಿವಳಿಕೆಯಿಂದ ರೋಗಿಗೆ ಪ್ರಯೋಜನವಾಗಲು, ವಿಜಾಪುರದಲ್ಲಿರಲಿ, ಲಂಡನ್ನಿನಲ್ಲಿಯೂ ಇನ್ನೂ ಶತಮಾನಗಳು ಬೇಕಾಗಿದ್ದವು.

ಮೆದುಳಿನ ತೂಕವು ದೇಹದ ತೂಕದ ನೂರಕ್ಕೆ ಎರಡರಷ್ಟು ಮಾತ್ರ. ಆದರೆ ದೇಹಕ್ಕೆ ಬೇಕಾದ ಆಮ್ಲಜನಕದ ಸುಮಾರು ಐದನೆಯ ಒಂದು ಭಾಗವನ್ನು ಅದೊಂದೇ ಬಳಸುತ್ತದೆ. ಅದರ ರಕ್ತನಾಳವೊಂದು ಹೆಪ್ಪಿನಿಂದ ಕಟ್ಟಿಕೊಂಡರೆ, ಇಲ್ಲವೆ ಒಡೆದರೆ, ಆ ನಾಳವನ್ನು ನಂಬಿದ ಭಾಗವು ನಿಮಿಷಗಳಲ್ಲಿಯೇ ಸಾಯತೊಡಗುತ್ತದೆ. ಮೆದುಳಿನ ಎಡಭಾಗ ಕೆಟ್ಟರೆ ಮೈಯ ಬಲಭಾಗ ಬೀಳುತ್ತದೆ, ಬಲಭಾಗ ಕೆಟ್ಟರೆ ಎಡಭಾಗ.

ಬಿದ್ದ ಕೈಕಾಲನ್ನು ಎಲ್ಲರೂ ಕಾಣುತ್ತಾರೆ. ಪಾರ್ಶ್ವವಾಯುವಿನ ಕೆಲವು ಪೆಟ್ಟುಗಳು ಮಾತ್ರ ಬದಿಯಲ್ಲಿ ಕುಳಿತವರಿಗೂ ಕಾಣುವುದಿಲ್ಲ. ಒಂದೊಂದು ಕಣ್ಣುಗುಡ್ಡೆಯನ್ನು ಆರಾರು ಸ್ನಾಯುಗಳು ಹೊರಳಿಸುತ್ತವೆ. ಅವನ್ನು ಆಳುವ ಮೂರು ಜೊತೆ ನರಗಳು ಮೆದುಳಿನ ಕಾಂಡದಿಂದ ಹೊರಡುತ್ತವೆ. ಎರಡು ಕಣ್ಣುಗಳೂ ನೊಗಕ್ಕೆ ಹೂಡಿದ ಜೋಡೆತ್ತುಗಳಂತೆ ಒಂದೇ ಕಡೆಗೆ ಸಾಗಬೇಕು. ಕಾಂಡಕ್ಕೆ ರಕ್ತ ನಿಂತರೆ ಒಂದು ಕಣ್ಣು ಸಾಗುತ್ತದೆ, ಇನ್ನೊಂದು ನಿಲ್ಲುತ್ತದೆ. ಆಗ ರೋಗಿಗೆ ಒಂದು ದೀಪವು ಎರಡಾಗಿ ಕಾಣುತ್ತದೆ, ಓಲೆಯ ಅಕ್ಷರಗಳು ಒಂದರ ಮೇಲೊಂದು ಏರುತ್ತವೆ. ಕೆಲವರಿಗೆ ಕಣ್ಣನ್ನು ಮೇಲಕ್ಕೆತ್ತಲು ಬಾರದು. ದೊಡ್ಡ ಪೆಟ್ಟಾದರೆ ಎರಡೂ ಕಣ್ಣುಗಳು ಒಂದೇ ಬದಿಗೆ ತಿರುಗಿ ಅಲ್ಲಿಯೇ ನಿಂತುಬಿಡುತ್ತವೆ. ಮೆದುಳಿನ ಹಿಂಭಾಗಕ್ಕೆ ರಕ್ತವೊಯ್ಯುವ ನಾಳಗಳೇ ಹೊಸ ನೆನಪುಗಳನ್ನು ಕೂಡಿಡುವ ಒಳಭಾಗಕ್ಕೂ ರಕ್ತ ಕೊಡುವುದರಿಂದ, ಕೆಲವು ರೋಗಿಗಳಲ್ಲಿ ಕಣ್ಣಿನ ತೊಂದರೆಯೂ ಮರೆವೂ ಜೊತೆಯಾಗಿಯೇ ಬರುತ್ತವೆ. ಅಂಥವರಿಗೆ ಬಾಲ್ಯದ ಊರು, ಆಡಿದ ಆಟ, ಸತ್ತವರ ಹೆಸರು ಸ್ಪಷ್ಟವಾಗಿರುತ್ತದೆ; ಬೆಳಿಗ್ಗೆ ಬಂದು ಹೋದವರಾರೆಂಬುದು ಮಧ್ಯಾಹ್ನಕ್ಕೆ ಇರುವುದಿಲ್ಲ. ಇದನ್ನು ಅರಿಯದ ಮನೆಯವರು ರೋಗಿಯು ಬೇಕೆಂದೇ ಹಾಗೆ ಮಾಡುತ್ತಾನೆಂದು ಸಿಟ್ಟಾಗುವುದುಂಟು.

ಇಂದು ಪಾರ್ಶ್ವವಾಯು ಬಡಿದವರನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಸೇರಿಸಿದರೆ, ತಲೆಯ ಚಿತ್ರ ತೆಗೆದು, ಹೆಪ್ಪಿನಿಂದ ಆದದ್ದೆಂದು ಖಚಿತವಾದ ಮೇಲೆ ಅದನ್ನು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಡಲು ಸಾಧ್ಯವಿದೆ. ಅಲಿಯ ಸುತ್ತ ಇದ್ದವರಿಗೆ ಎಣ್ಣೆ, ಕಷಾಯ, ಪ್ರಾರ್ಥನೆಗಳ ಹೊರತು ಬೇರೆ ಉಪಾಯವಿರಲಿಲ್ಲ.

ಅತಿಯಾದ ಭೋಗದ ಫಲವೇ ಈ ರೋಗವೆಂದು ಬರೆದವರಿದ್ದಾರೆ. ಮಿತಿಮೀರಿದ ಮದ್ಯಪಾನವು ಪಾರ್ಶ್ವವಾಯುವಿಗೆ ಒಂದು ಕಾರಣವಾಗಬಲ್ಲುದೆಂಬುದು ನಿಜವೇ. ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ರಕ್ತದ ಏರೊತ್ತಡ. ಅದನ್ನು ಅಳೆಯುವ ಉಪಕರಣವು ಆಗ ಲೋಕದಲ್ಲಿಯೇ ಇರಲಿಲ್ಲ. ಹದವಾಗಿ ಬಾಳಿದ ರೈತನಿಗೂ, ಒಂದು ಹನಿ ಮದ್ಯವನ್ನು ಮುಟ್ಟದ ಗೃಹಿಣಿಗೂ ಈ ರೋಗ ಬರುತ್ತದೆ. ಮಲಗಿದವನ ರೋಗವನ್ನು ಅವನ ನಡತೆಯ ಮೇಲಿನ ತೀರ್ಪಾಗಿ ಓದುವುದು ಸುಲಭ. ಅದು ಇತಿಹಾಸವೂ ಅಲ್ಲ, ವೈದ್ಯವೂ ಅಲ್ಲ. ಅಲಿಯ ಮೇಲೆ ಹೊರಿಸಬೇಕಾದ ತಪ್ಪು ಬೇರೆಯಿದೆ. ತಂದೆಯ ಹತ್ತು ವರ್ಷಗಳ ಹಾಸಿಗೆಯನ್ನು ಕಣ್ಣಾರೆ ಕಂಡವನು ಆತ. ಅರಸನು ಮಲಗಿದರೆ ರಾಜ್ಯವೇನಾಗುತ್ತದೆಂಬುದನ್ನು ಆತನಷ್ಟು ಬಲ್ಲವರು ಇನ್ನಾರೂ ಇರಲಿಲ್ಲ. ಹಾಗಿದ್ದೂ ತಾನು ಮಲಗುವ ದಿನಕ್ಕೆ ಆತನು ಯಾವ ವ್ಯವಸ್ಥೆಯನ್ನೂ ಮಾಡಿರಲಿಲ್ಲ.

ಆ ಕಾಲದ ರಾಜ್ಯವು ಅರಸನ ಮೈಯನ್ನೇ ನಂಬಿ ನಡೆಯುತ್ತಿತ್ತು. ಯಾವ ಸರದಾರನಿಗೆ ಯಾವ ಜಹಗೀರು, ಯಾರ ಮಾತಿಗೆ ಎಷ್ಟು ತೂಕ, ಯಾರು ಯಾರ ವೈರಿ, ಈ ಲೆಕ್ಕದಲ್ಲಿ ಮುಖ್ಯವಾದುದೆಲ್ಲ ಅರಸನ ನೆನಪಿನಲ್ಲಿರಬೇಕು. ದರಬಾರಿನಲ್ಲಿ ಆತನ ದೃಷ್ಟಿ ಯಾರತ್ತ ಹೊರಳಿತೆಂಬುದನ್ನು ನೂರು ಜನ ಗಮನಿಸುತ್ತಿದ್ದರು. ಬಡೀ ಸಾಹೇಬಾಳಂಥ ದಕ್ಷಳೊಬ್ಬಳು ಹಾಸಿಗೆಯ ಬದಿಯಲ್ಲಿದ್ದುದರಿಂದ ಮುಹಮ್ಮದನ ರಾಜ್ಯವು ಹತ್ತು ವರ್ಷ ತಡೆಯಿತು. ಮಗನ ಹಾಸಿಗೆಯ ಬದಿಯಲ್ಲಿ ಅಂಥವರಿರಲಿಲ್ಲ. ಇದ್ದವನು ನಾಲ್ಕು ವರ್ಷದ ಕೂಸು, ಸಿಕಂದರ.

ಕೊನೆಗಾಲದಲ್ಲಿ ಅಲಿಯು ಅಬ್ದುಲ ಮುಹಮ್ಮದನನ್ನು ಕರೆಯಿಸಿ, ಮಗನ ಪರವಾಗಿ ರಾಜ್ಯವನ್ನು ನೋಡಿಕೊಳ್ಳಬೇಕೆಂದು ಕೇಳಿಕೊಂಡನು. ಆತನು ಆ ಹೊಣೆಗೆ ಹಿಂಜರಿದನು. ರಾಜಧಾನಿಯಲ್ಲಿ ಖವಾಸಖಾನನಿರಲಿ, ತಾನೂ ಬಹಲೋಲಖಾನನೂ ಮುಜಫರಖಾನನೂ ಒಂದೊಂದು ಪ್ರಾಂತವನ್ನು ವಹಿಸಿಕೊಳ್ಳುವೆವೆಂದು ಸೂಚಿಸಿದನು. ಹಾಸಿಗೆಯಲ್ಲಿದ್ದವನು ಒಪ್ಪದೆ ಇನ್ನೇನು ಮಾಡಿಯಾನು? 1672ರ ನವೆಂಬರ್ 24ರಂದು ಅಲಿಯು ತೀರಿಕೊಂಡನು. ಮೂವತ್ತನಾಲ್ಕು ವರ್ಷ ಬದುಕಿ, ಹದಿನಾರು ವರ್ಷ ಆಳಿದ್ದನು. ಗೋರಿಯ ಕಮಾನುಗಳು ಎಲ್ಲಿಯವರೆಗೆ ಏರಿದ್ದವೋ ಅಲ್ಲಿಯೇ ನಿಂತವು.

ಖವಾಸಖಾನನು ರಾಜಧಾನಿಯನ್ನು ಹಿಡಿದುಕೊಂಡನು. ಉಳಿದವರಿಗೆ ಪ್ರಾಂತಗಳನ್ನು ಬಿಟ್ಟುಕೊಡುವ ಮಾತನ್ನು ಮರೆತನು. ಯಾವ ಅರಮನೆಯು ತನ್ನ ತಂದೆಯನ್ನು ಕೊಲ್ಲಿಸಿತ್ತೋ ಆ ಅರಮನೆಯ ಕೂಸಿಗೆ ಆತನೇ ಪಾಲಕನಾದನು. ದಖನಿ ಸರದಾರರು ಒಂದು ಕಡೆ, ಪಠಾಣರು ಇನ್ನೊಂದು ಕಡೆಯಾಗಿ ಕಾದಾಡಿದರು. 1673ರಲ್ಲಿ ಪನ್ಹಾಳವೂ ಸಾತಾರೆಯೂ ಶಿವಾಜಿಯ ಪಾಲಾದವು. 1674ರಲ್ಲಿ ಆತನು ಪಟ್ಟಾಭಿಷಿಕ್ತನಾದನು. 1676ರಲ್ಲಿ ಬಹಲೋಲಖಾನನು ಖವಾಸಖಾನನನ್ನು ಕೊಲ್ಲಿಸಿ ಅಧಿಕಾರಕ್ಕೆ ಬಂದನು. ಆತನ ನಂತರ ಸಿದ್ದಿ ಮಸೂದನ ಸರದಿ. ಕವಿ ನುಸ್ರತಿಯೂ ಅಷ್ಟರಲ್ಲಿ ಇಲ್ಲವಾಗಿದ್ದನು.

ಅಲಿಗೆ ಒಬ್ಬ ಮಗಳಿದ್ದಳು, ಶಹರಬಾನು. ಊರ ಜನರು ಪಾದಶಾಹ ಬೀಬಿ ಎಂದು ಅಕ್ಕರೆಯಿಂದ ಕರೆಯುತ್ತಿದ್ದ ಆಕೆಯನ್ನು ಮೊಗಲರು ತಮ್ಮ ರಾಜಕುಮಾರನಿಗಾಗಿ ಕೇಳಿದರು. ತಮ್ಮನ ರಾಜ್ಯವಾದರೂ ಉಳಿಯಲೆಂದು ಆಕೆ 1679ರ ಜುಲೈ ತಿಂಗಳ ಮೊದಲ ದಿನ ನಗರವನ್ನು ಬಿಟ್ಟು ಹೊರಟಳು. ಬೀದಿಯ ಎರಡು ಬದಿಗಳಲ್ಲಿಯೂ ಜನರು ನಿಂತು ಅತ್ತರು.

ಆ ತ್ಯಾಗವು ಏಳು ವರ್ಷಗಳನ್ನು ಗಳಿಸಿಕೊಟ್ಟಿತು. 1686ರಲ್ಲಿ ಔರಂಗಜೇಬನು ತಾನೇ ಬಂದು ಮುತ್ತಿದನು. ಈ ಸಲ ಯಾವ ಚಕ್ರವರ್ತಿಯೂ ಕಾಯಿಲೆ ಬೀಳಲಿಲ್ಲ. ಸೆಪ್ಟೆಂಬರ್ 12ರಂದು ಹದಿನೆಂಟರ ಹರೆಯದ ಸಿಕಂದರನು ಕೋಟೆಯಿಂದ ಹೊರಬಂದು ಶರಣಾದನು. ಉಳಿದ ಹದಿನಾಲ್ಕು ವರ್ಷಗಳನ್ನು ಆತನು ಮೊಗಲರ ಸೆರೆಯಲ್ಲಿ, ಅವರ ಪಾಳೆಯದ ಹಿಂದೆ ಊರೂರು ಅಲೆಯುತ್ತ ಕಳೆದನು. 1700ರಲ್ಲಿ ಸಾತಾರೆಯ ಬಳಿ ತೀರಿಕೊಂಡಾಗ ಆತನಿಗೆ ಮೂವತ್ತೆರಡು ವರ್ಷ. ದೇಹವನ್ನು ವಿಜಾಪುರಕ್ಕೆ ತಂದು, ತಂದೆಯ ಕಮಾನುಗಳ ನಡುವೆ ಅಲ್ಲ, ಆತನ ಗುರುವ ಶೇಖ ಫಹಿಮುಲ್ಲಾನ ಪಾದದ ಬಳಿ, ಬಯಲಿನಲ್ಲಿ ಮಣ್ಣುಮಾಡಿದರು.